ಸಂಘಕ್ರೀಡೆಯೂ ವಿದ್ಯಾರ್ಥಿಯ ಶೀಲವೂ

ವಿದ್ಯಾರ್ಥಿಗೆ ಅನ್ನ, ಅಕ್ಷರ, ಆಶ್ರಯಗಳೆಂಬ ಮೂರನ್ನು ಒದಗಿಸಿಕೊಡುವುದು ಮಹತ್ತಾದ ಧರ್ಮವೆಂಬುದು ಸರ್ವವಿದಿತವಾದ ವಿಷಯ. ಈ ನಾಡಿನ ಮಠಗಳು ಮೂರನ್ನೂ ಕೈಯೆತ್ತಿ ನೀಡಿವೆ. ಆದರೆ ಬಾಲಕನ ಬೆಳವಣಿಗೆಗೆ ನಾಲ್ಕನೆಯದೊಂದು ಬೇಕೆಂಬುದನ್ನು ಹಿರಿಯರು ಬಹುಕಾಲ ಗಣನೆಗೆ ತಂದುಕೊಳ್ಳಲಿಲ್ಲ. ಅದೇ ಆಟ. ಆಟವೆಂದರೆ ಪಾಠಕ್ಕೆ ಶತ್ರು, ಆಡುವ ಹುಡುಗನೆಂದರೆ ಓದದ ಹುಡುಗ ಎಂಬ ಭಾವನೆ ಮನೆಮನೆಯಲ್ಲಿಯೂ ಬೇರೂರಿತ್ತು; ಇಂದಿಗೂ ಅದು ಪೂರ್ತಿಯಾಗಿ ಅಳಿದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳ ರೈತಾಪಿ ಮನೆಗಳಲ್ಲಿ ಮಗನೋ ಮಗಳೋ ಮೈದಾನಕ್ಕೆ ಹೊರಟರೆ, "ಆಟ ಹೊಟ್ಟೆ ತುಂಬಿಸೀತೆ?" ಎಂಬ ಪ್ರಶ್ನೆ ಬಾಗಿಲಲ್ಲಿಯೇ ಎದುರಾಗುತ್ತದೆ. ಈ ಪ್ರಶ್ನೆಯು ಹಗುರವಾದುದಲ್ಲ, ಬಡತನದಿಂದ ಹುಟ್ಟಿದುದು. ಆದುದರಿಂದ ಇದಕ್ಕೆ ಉಪದೇಶದಿಂದಲ್ಲ, ಚರಿತ್ರೆಯಿಂದಲೇ ಉತ್ತರ ಹೇಳತಕ್ಕದ್ದು. ಹಲವರು ಕೂಡಿ ಒಂದು ಪಕ್ಷವಾಗಿ ಮತ್ತೊಂದು ಪಕ್ಷದೊಡನೆ ಸೆಣಸುವ ಸಂಘಕ್ರೀಡೆಯು ವಿದ್ಯಾರ್ಥಿಗಳ ಜೀವಿತವನ್ನು ಹೊಕ್ಕ ಬಗೆಯೆಂತು, ಅವರ ಶೀಲವನ್ನೂ ಹಂಬಲವನ್ನೂ ಅದು ಹೇಗೆ ತಿದ್ದಿತು ಎಂಬುದೇ ಇಲ್ಲಿಯ ವಿಚಾರ.

ಹಳ್ಳಿಯ ಬಯಲು

ಮೇಲೆ ಹೇಳಿದ ನಾಲ್ಕು ಸೀಮೆಗಳೂ ಮೈಸೂರಿಗೆ ಪಶ್ಚಿಮ, ವಾಯವ್ಯ, ನೈಋತ್ಯ ದಿಕ್ಕುಗಳಲ್ಲಿ ಹಬ್ಬಿರುವ ನೆಲ. ಕಾವೇರಿಯು ಕೊಡಗನ್ನು ಬಿಟ್ಟು ಪಿರಿಯಾಪಟ್ಟಣದ ಎಲ್ಲೆಯನ್ನು ಮುಟ್ಟಿ, ಕೃಷ್ಣರಾಜನಗರದ ಗದ್ದೆಗಳಿಗೆ ನೀರುಣಿಸುತ್ತಾಳೆ. ಲಕ್ಷ್ಮಣತೀರ್ಥವು ಹುಣಸೂರನ್ನು ಹಾದು ಕಾವೇರಿಯನ್ನು ಕೂಡುತ್ತದೆ. ಕಪಿಲೆಯು ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ, ೧೯೭೪ರಲ್ಲಿ ಮುಗಿದ ಬೀಚನಹಳ್ಳಿಯ ಅಣೆಕಟ್ಟಿನಲ್ಲಿ ತಂಗಿ ಕೆಳಕ್ಕಿಳಿಯುತ್ತದೆ. ನಾಲ್ಕು ತಾಲ್ಲೂಕುಗಳ ನೀರೂ ಕೊನೆಗೆ ತಿರುಮಕೂಡಲು ನರಸೀಪುರದ ಸಂಗಮದಲ್ಲಿ ಒಂದಾಗುತ್ತದೆ. ಮುಂದೆ ಹೇಳಲಿರುವ ಒಂದು ಕಥೆಯೂ ಆ ಸಂಗಮದ ತಾಲ್ಲೂಕಿನದೇ ಆಗಿರುವುದು ಸ್ವಾರಸ್ಯವಾದ ಸಂಗತಿ.

ಈ ಸೀಮೆಗಳಲ್ಲಿ ಆಟಕ್ಕೆ ಎಂದೂ ಬರವಿರಲಿಲ್ಲ. ಸುಗ್ಗಿ ಮುಗಿದ ಗದ್ದೆಬಯಲಿನಲ್ಲಿ ಚಿಣ್ಣಿಕೋಲು, ಗುಡಿಯ ಮುಂದಣ ಅಂಗಳದಲ್ಲಿ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಚೆಂಡಿನಿಂದ ಕೆಡಹುವ ಲಗ್ಗೆಯಾಟ, ಬೆಳುದಿಂಗಳಿನಲ್ಲಿ ಉಸಿರು ಬಿಗಿಹಿಡಿದು ಆಡುವ ಚೆಡುಗುಡು ಇವೆಲ್ಲ ಮಕ್ಕಳ ಸ್ವಂತ ಸಂಪತ್ತು. ಪ್ರಾಯದವರಿಗೆ ಗರಡಿಮನೆಯಿತ್ತು. ಕೆಮ್ಮಣ್ಣಿನ ಮಟ್ಟಿಯಲ್ಲಿ ಸಾಮು ಮಾಡಿ, ಗುರುವಿಗೆ ನಮಸ್ಕರಿಸಿ, ಜಾತ್ರೆಗಳಲ್ಲಿಯೂ ದಸರೆಯಲ್ಲಿಯೂ ಕುಸ್ತಿ ಹಿಡಿಯುವುದು ಮೈಸೂರು ಸೀಮೆಯ ಹೆಮ್ಮೆ. ಸುತ್ತೂರಿನ ಜಾತ್ರೆಯಲ್ಲಿ ಕುಸ್ತಿಯೂ ದೇಸಿ ಆಟಗಳೂ ಇಂದಿಗೂ ನಡೆದುಬರುತ್ತಿರುವುದನ್ನು ಭಕ್ತರೆಲ್ಲರೂ ಬಲ್ಲರು.

ಆದರೆ ಗರಡಿಯ ಶಿಕ್ಷಣಕ್ಕೂ ಸಂಘಕ್ರೀಡೆಯ ಶಿಕ್ಷಣಕ್ಕೂ ಒಂದು ಮುಖ್ಯವಾದ ಅಂತರವುಂಟು. ಗರಡಿಯು ಒಬ್ಬನ ಮೈಯನ್ನೂ ಮನಸ್ಸನ್ನೂ ಹುರಿಗೊಳಿಸುತ್ತದೆ. ಅಲ್ಲಿ ಗೆದ್ದವನೂ ಒಬ್ಬನೇ, ಸೋತವನೂ ಒಬ್ಬನೇ. ಹಳ್ಳಿಯ ಬಯಲಾಟದಲ್ಲಾದರೋ ಪಕ್ಷಗಳಿದ್ದರೂ ನಿಯಮ ನಿಂತದ್ದಲ್ಲ. ಬಲವಂತನಾದ ಹುಡುಗನು ಹೇಳಿದ್ದೇ ಶಾಸನ. ಕೇರಿಗೊಂದು ಆಟ, ಆಟಕ್ಕೊಂದು ಕೇರಿ. ಅಪರಿಚಿತನಾದ ಎದುರಾಳಿ, ಬರೆದಿಟ್ಟ ನಿಯಮ, ಎರಡು ಪಕ್ಷಕ್ಕೂ ಸೇರದ ತೀರ್ಪುಗಾರ, ಈ ಮೂರು ಕೂಡಿದಾಗ ಮಾತ್ರ ಆಟವು ಶಿಕ್ಷಣವಾಗುತ್ತದೆ. ಈ ಕೂಟವು ಶಾಲೆಯ ಮೂಲಕ ಬಂದಿತು.

ಶಾಲೆಯೊಳಕ್ಕೆ ಬಂದ ಆಟ

ಆಂಗ್ಲ ದೇಶದ ರಗ್ಬಿ ಎಂಬ ಊರಿನ ಶಾಲೆಯಲ್ಲಿ ೧೮೨೮ರಿಂದ ೧೮೪೧ರವರೆಗೆ ಮುಖ್ಯೋಪಾಧ್ಯಾಯರಾಗಿದ್ದ ಥಾಮಸ್ ಆರ್ನಾಲ್ಡರು, ಹಿರಿಯ ವಿದ್ಯಾರ್ಥಿಗಳ ಮೇಲೆ ಹೊಣೆ ಹೊರಿಸಿ ಶೀಲವನ್ನು ಬೆಳೆಸುವ ಪದ್ಧತಿಗೆ ಹೆಸರಾದರು. ಅವರ ತರುವಾಯದ ಅಧ್ಯಾಪಕರು ಈ ಪದ್ಧತಿಯನ್ನು ಆಟದ ಬಯಲಿಗೂ ವಿಸ್ತರಿಸಿದರು. ಫ್ರಾನ್ಸ್ ದೇಶದ ಪಿಯರೆ ದ ಕೂಬರ್ತೆನರು ಇದನ್ನು ಕಂಡು ಮೆಚ್ಚಿ, ಆಧುನಿಕ ಒಲಿಂಪಿಕ್ ಕ್ರೀಡೆಗಳ ಸ್ಥಾಪನೆಗೆ ಮುಂದಾದರು. ಮೊದಲ ಕೂಟವು ೧೮೯೬ರಲ್ಲಿ ಆಥೆನ್ಸ್ ನಗರದಲ್ಲಿ ನಡೆಯಿತು. ಅಮೆರಿಕದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದು ತಮ್ಮ ವಿದ್ಯಾರ್ಥಿಗಳಿಗೆ ಬೇಕೆಂದು ೧೮೯೧ರಲ್ಲಿ ಬಾಸ್ಕೆಟ್‌ಬಾಲನ್ನೂ, ೧೮೯೫ರಲ್ಲಿ ವಿಲಿಯಂ ಮಾರ್ಗನರು ವಾಲಿಬಾಲನ್ನೂ ರೂಪಿಸಿದರು. ಎಚ್. ಸಿ. ಬಕ್ ಎಂಬುವರು ೧೯೨೦ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆಯನ್ನು ತೆರೆದರು. ಅಲ್ಲಿ ತರಬೇತಾದವರು ದಕ್ಷಿಣ ದೇಶದ ಶಾಲೆಗಳಿಗೆ ಹೊಸ ಆಟಗಳನ್ನು ಒಯ್ದರು. ಎರಡು ಕಂಬ, ಒಂದು ಬಲೆ, ಒಂದು ಚೆಂಡು ಇದ್ದರೆ ಸಾಕು. ಇಂದು ಈ ನಾಲ್ಕು ತಾಲ್ಲೂಕುಗಳ ಶಾಲೆಗಳ ಅಂಗಳದಲ್ಲಿ ವಾಲಿಬಾಲ್ ಕಂಬಗಳು ಧ್ವಜಸ್ತಂಭದಷ್ಟೇ ಪರಿಚಿತವಾಗಿವೆ.

ಇದು ಪರದೇಶದಿಂದ ಬಂದ ಧಾರೆ. ದೇಶೀಯವಾದ ಧಾರೆಯೊಂದು ಇದಕ್ಕೆ ಸಮನಾಗಿ ಹರಿಯಿತು. ವಿವೇಕಾನಂದರು ಪಾಶ್ಚಾತ್ಯ ದೇಶಗಳಿಂದ ಹಿಂದಿರುಗಿದ ಮೇಲೆ ೧೮೯೭ರಲ್ಲಿ ಮದರಾಸಿನ ತರುಣರಿಗೆ ಉಪನ್ಯಾಸವೀಯುತ್ತ, ಮೊದಲು ಬಲಿಷ್ಠರಾಗಿರೆಂದು ಬೋಧಿಸಿ, ಗೀತೆಯ ಅಧ್ಯಯನಕ್ಕಿಂತಲೂ ಚೆಂಡಾಟವೇ ತರುಣರನ್ನು ಸ್ವರ್ಗಕ್ಕೆ ಸಮೀಪಗೊಳಿಸೀತೆಂಬರ್ಥದ ಮಾತನ್ನಾಡಿ ಪಂಡಿತರನ್ನು ಬೆರಗುಗೊಳಿಸಿದರು. ಗೀತೆಯನ್ನು ಕಡೆಗಣಿಸುವುದು ಅವರ ಅಭಿಪ್ರಾಯವಾಗಿರಲಿಲ್ಲ. ದುರ್ಬಲನಿಗೆ ಗೀತೆ ಅರ್ಥವಾಗದೆಂಬುದೇ ಅಭಿಪ್ರಾಯ. ೧೯೧೧ರ ಜುಲೈ ೨೯ರಂದು ಕಲ್ಕತ್ತೆಯ ಮೋಹನ್ ಬಗಾನ್ ಸಂಘದವರು, ಒಬ್ಬನ ಹೊರತು ಉಳಿದವರೆಲ್ಲ ಬರಿಗಾಲಿನಲ್ಲಿ ಆಡಿ, ಬೂಟು ತೊಟ್ಟ ಆಂಗ್ಲ ಸೈನಿಕರ ಪಕ್ಷವನ್ನು ಎರಡಕ್ಕೊಂದು ಗೋಲುಗಳಿಂದ ಸೋಲಿಸಿದಾಗ, ಆಟದ ಬಯಲಿನಲ್ಲಿ ಆತ್ಮಗೌರವವೂ ಬೆಳೆಯಬಲ್ಲುದೆಂಬುದು ದೇಶಕ್ಕೆ ತಿಳಿಯಿತು. ೧೯೧೪ರ ಸುಮಾರಿಗೆ ಪುಣೆಯ ಡೆಕ್ಕನ್ ಜಿಮಖಾನದವರು ಖೋ ಖೋ ಎಂಬ ಹಳೆಯ ಬಯಲಾಟಕ್ಕೆ ನಿಯಮಗಳನ್ನು ಕಟ್ಟಿಕೊಟ್ಟರು. ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಲದವರು ೧೯೩೬ರಲ್ಲಿ ಬರ್ಲಿನ್ ನಗರದ ಒಲಿಂಪಿಕ್ ಸಂದರ್ಭದಲ್ಲಿ ದೇಶೀಯ ಆಟಗಳನ್ನು ಆಡಿ ತೋರಿಸಿದರು.

ಸ್ವಾತಂತ್ರ್ಯಾನಂತರ ೧೯೫೪ರಲ್ಲಿ ಭಾರತದ ಶಾಲಾ ಕ್ರೀಡಾ ಒಕ್ಕೂಟವು ಸ್ಥಾಪಿತವಾಯಿತು. ಈ ರಾಜ್ಯದಲ್ಲಿ ಶಾಲಾ ಕ್ರೀಡಾಕೂಟಗಳು ಹೋಬಳಿಯಿಂದ ತಾಲ್ಲೂಕು, ತಾಲ್ಲೂಕಿನಿಂದ ಜಿಲ್ಲೆ, ಜಿಲ್ಲೆಯಿಂದ ವಿಭಾಗ, ವಿಭಾಗದಿಂದ ರಾಜ್ಯವೆಂಬ ಮೆಟ್ಟಲುಗಳಾಗಿ ಏರ್ಪಟ್ಟಿವೆ. ದಸರೆಯ ಕ್ರೀಡಾಕೂಟವೂ ಇಂತಹುದೇ ಸೋಪಾನದ ಮೇಲೆ ನಡೆದು ಮೈಸೂರಿನ ಚಾಮುಂಡಿ ವಿಹಾರದ ಕ್ರೀಡಾಂಗಣದಲ್ಲಿ ಕೊನೆಮುಟ್ಟುತ್ತದೆ. ಬೆಟ್ಟದಪುರದ ತಪ್ಪಲಿನ ಹುಡುಗನೋ ಸಾಲಿಗ್ರಾಮದ ಹುಡುಗಿಯೋ ಹೆತ್ತವರ ಜೊತೆಯಿಲ್ಲದೆ ಊರ ಎಲ್ಲೆಯನ್ನು ಮೊದಲ ಬಾರಿಗೆ ದಾಟುವುದು ಎಷ್ಟೋ ವೇಳೆ ಈ ಕೂಟಗಳ ನಿಮಿತ್ತದಿಂದಲೇ. ನಾಲ್ಕು ತಾಲ್ಲೂಕುಗಳಲ್ಲಿ ರೈಲುಮಾರ್ಗವಿರುವುದು ಕೃಷ್ಣರಾಜನಗರಕ್ಕೊಂದಕ್ಕೇ. ಉಳಿದ ಕಡೆಯ ಮಕ್ಕಳಿಗೆ ಬಸ್ಸೇ ಗತಿ. ಹನ್ನೆರಡು ಮಕ್ಕಳು ಒಬ್ಬ ಉಪಾಧ್ಯಾಯರೊಡನೆ ಬುತ್ತಿ ಕಟ್ಟಿಕೊಂಡು ಹೊರಡುವ ಆ ಪ್ರಯಾಣವೇ ಒಂದು ಪಾಠ. ಬುತ್ತಿಯನ್ನು ಹಂಚಿಕೊಂಡು ಉಣ್ಣುವುದು, ಜತೆಗಾರನ ಚೀಲ ಕಾಯುವುದು, ಹೊತ್ತಿಗೆ ಏಳುವುದು, ಅಪರಿಚಿತರೊಡನೆ ವಿನಯದಿಂದ ಮಾತನಾಡುವುದು, ಇವನ್ನು ಕಲಿಸುವ ಪಠ್ಯಪುಸ್ತಕವು ಇನ್ನೂ ಅಚ್ಚಾಗಿಲ್ಲ.

ಒಂದೇ ಪಂಕ್ತಿ

ಸಂಘಕ್ರೀಡೆಯ ಮೊದಲ ಫಲವು ಸಮತೆ. ಶರಣರು ಕಾಯಕದಲ್ಲಿಯೂ ದಾಸೋಹದಲ್ಲಿಯೂ ಸಾಧಿಸಿ ತೋರಿದ ಈ ಗುಣವನ್ನು ಆಟದ ಬಯಲು ತನ್ನ ಮಟ್ಟಿಗೆ ಸಾಧಿಸಿತು. ಆದರೆ ಸುಲಭವಾಗಿ ಅಲ್ಲ. ಇದಕ್ಕೆ ಧಾರವಾಡದಲ್ಲಿ ೧೮೭೬ರಲ್ಲಿ ಹುಟ್ಟಿದ ಪಾಲವಣಕರ ಬಾಲೂ ಅವರ ಚರಿತ್ರೆಯೇ ನಿದರ್ಶನ. ಅಸ್ಪೃಶ್ಯವೆಂದು ಎಣಿಸಲ್ಪಟ್ಟಿದ್ದ ಕುಲದಲ್ಲಿ ಜನಿಸಿದ ಬಾಲೂ ಅವರು ಪುಣೆಯ ಕ್ರಿಕೆಟ್ ಮೈದಾನಗಳಲ್ಲಿ ನೆಲವನ್ನು ಅಣಿಗೊಳಿಸುವ ಊಳಿಗಕ್ಕೆ ನಿಂತು, ಆಂಗ್ಲ ಅಧಿಕಾರಿಗಳಿಗೆ ಚೆಂಡೆಸೆದು ಎಸೆದು ಅಸಾಧಾರಣ ಬೌಲರಾದರು. ಗೆಲ್ಲಬೇಕೆಂಬ ಆಸೆಯಿಂದ ಹಿಂದೂ ಪಕ್ಷದವರು ಅವರನ್ನು ಸೇರಿಸಿಕೊಂಡರು. ಆದರೆ ವಿರಾಮದಲ್ಲಿ ಉಳಿದವರು ಒಳಗೆ ಕುಳಿತು ಪಿಂಗಾಣಿ ಬಟ್ಟಲಿನಲ್ಲಿ ಚಹಾ ಕುಡಿಯುತ್ತಿರಲು, ಬಾಲೂ ಅವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಚೆಂಡನ್ನು ಮುಟ್ಟಬಹುದಾಗಿತ್ತು, ಬಟ್ಟಲನ್ನು ಮುಟ್ಟಲಾಗದು! ೧೯೧೧ರಲ್ಲಿ ಭಾರತದ ತಂಡದೊಡನೆ ಇಂಗ್ಲೆಂಡಿಗೆ ಹೋದ ಬಾಲೂ ಅವರು ಆ ಪ್ರವಾಸದಲ್ಲಿ ನೂರಕ್ಕೂ ಮಿಕ್ಕು ವಿಕೆಟ್ಟುಗಳನ್ನು ಪಡೆದರು. ಅವರಿಗೆ ನಾಯಕಪದವಿಯು ದಕ್ಕಲಿಲ್ಲ. ಆದರೆ ೧೯೨೩ರಲ್ಲಿ ಅವರ ತಮ್ಮನಾದ ವಿಠ್ಠಲರು ಹಿಂದೂ ಪಕ್ಷದ ನಾಯಕರಾದರು.

ಈ ಕಥೆಯಿಂದ ತಿಳಿಯಬೇಕಾದುದು ಎರಡು. ಆಟವು ತಾನಾಗಿಯೇ ಭೇದವನ್ನು ಅಳಿಸುವುದಿಲ್ಲ. ಮೈದಾನದ ಗೆರೆಯೊಳಗೆ ಒಪ್ಪಿಕೊಂಡ ಸಮತೆಯನ್ನು ಗೆರೆಯ ಹೊರಗೆ ಮನುಷ್ಯರು ನಿರಾಕರಿಸಬಲ್ಲರು. ಆದರೂ ಒಮ್ಮೆ ಗೆರೆಯೊಳಗೆ ಒಪ್ಪಿದ ಮೇಲೆ, ಹೊರಗಿನ ನಿರಾಕರಣೆಯು ಎಷ್ಟು ಹಾಸ್ಯಾಸ್ಪದವೆಂಬುದು ದಿನೇ ದಿನೇ ಎಲ್ಲರಿಗೂ ಕಾಣತೊಡಗುತ್ತದೆ. ಇಂದು ಹೆಗ್ಗಡದೇವನಕೋಟೆಯ ಜೇನುಕುರುಬ, ಕಾಡುಕುರುಬ ಹಾಡಿಗಳ ಮಕ್ಕಳೂ ಕಾಡಿನಿಂದ ಹೊರಬಂದು ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ನೆಲೆಸಿದ ಕುಟುಂಬಗಳ ಮಕ್ಕಳೂ ಆಶ್ರಮಶಾಲೆಗಳಲ್ಲಿ ಓದುತ್ತಿರುವರು. ತರಗತಿಯಲ್ಲಿ ಭಾಷೆಯ ಸಂಕೋಚದಿಂದ ಹಿಂದಿನ ಸಾಲಿನಲ್ಲಿ ಮೌನವಾಗಿ ಕೂಡುವ ಮಗುವಿಗೆ, ಓಟದಲ್ಲಿಯೂ ಜಾಣ್ಮೆಯಲ್ಲಿಯೂ ತಾನು ಯಾರಿಗೂ ಕಡಮೆಯಲ್ಲವೆಂದು ತೋರಿಸಲು ದೊರೆಯುವ ಮೊದಲ ಸ್ಥಳ ಮೈದಾನವೇ. ಅಲ್ಲಿ ತಲೆಯೆತ್ತಿದ ಮಗು ತರಗತಿಯಲ್ಲಿಯೂ ತಲೆಯೆತ್ತುವಂತೆ ಮಾಡುವುದು ಉಪಾಧ್ಯಾಯರ ಹೊಣೆ.

ಖೋ ಎಂಬ ಒಂದಕ್ಷರ

ಯಾವ ಆಟವು ಯಾವ ಗುಣವನ್ನು ಬೆಳೆಸುವುದೆಂಬುದನ್ನು ಅರಿಯಲು ಆ ಆಟದ ನಿಯಮಗಳನ್ನೇ ನೋಡತಕ್ಕದ್ದು. ಖೋ ಖೋ ಆಟಕ್ಕೆ ಬೇಕಾದ ಸಾಮಗ್ರಿ ಎರಡು ಕಂಬಗಳು ಮತ್ತು ಒಂದಿಷ್ಟು ಸಮನಾದ ನೆಲ. ಚೆಂಡಿಲ್ಲ, ಕೋಲಿಲ್ಲ, ಪಾದರಕ್ಷೆಯ ಹಂಗೂ ಇಲ್ಲ. ಆದುದರಿಂದಲೇ ಇದು ಬಡವರ ಮಕ್ಕಳ ಆಟ. ರೂಢಿಯ ಪದ್ಧತಿಯಲ್ಲಿ ಬೆನ್ನಟ್ಟುವ ಪಕ್ಷದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ನಡುಗೆರೆಯ ಮೇಲೆ ಸಾಲಾಗಿ, ಒಬ್ಬರು ಈ ಕಡೆಗೆ ಮತ್ತೊಬ್ಬರು ಆ ಕಡೆಗೆ ಮುಖಮಾಡಿ ಕುಕ್ಕರಿಸಿರುವರು. ಒಂಬತ್ತನೆಯವನು ಬೆನ್ನಟ್ಟುವನು. ಎದುರುಪಕ್ಷದ ಮೂವರು ತಪ್ಪಿಸಿಕೊಂಡು ಓಡುವರು. ಓಡುವವರು ಯಾವ ದಿಕ್ಕಿಗಾದರೂ ತಿರುಗಬಹುದು, ಸಾಲಿನ ನಡುವೆ ನುಸುಳಬಹುದು. ಬೆನ್ನಟ್ಟುವವನಾದರೋ ಹಿಂದಕ್ಕೆ ತಿರುಗುವಂತಿಲ್ಲ, ನಡುಗೆರೆಯನ್ನು ದಾಟುವಂತಿಲ್ಲ. ದಿಕ್ಕು ಬದಲಿಸಬೇಕಾದರೆ ಕೊನೆಯ ಕಂಬವನ್ನು ಮುಟ್ಟಬೇಕು. ಇಲ್ಲವೆ ಕುಳಿತಿರುವ ಜತೆಗಾರನ ಬೆನ್ನನ್ನು ಮುಟ್ಟಿ "ಖೋ" ಎಂದು ಕೂಗಿ, ಬೆನ್ನಟ್ಟುವ ಅಧಿಕಾರವನ್ನು ಅವನಿಗೆ ಒಪ್ಪಿಸಿ, ಅವನು ತೆರವು ಮಾಡಿದ ಸ್ಥಾನದಲ್ಲಿ ತಾನು ಕೂರಬೇಕು.

ಈ ನಿಯಮಗಳಲ್ಲಿ ಅಡಗಿರುವ ನೀತಿಯನ್ನು ವಿಚಾರಿಸಿದರೆ ಆಶ್ಚರ್ಯವಾಗುತ್ತದೆ. ಕುಳಿತವನು ಸುಮ್ಮನೆ ಕುಳಿತವನಲ್ಲ. ಕರೆ ಯಾವ ಕ್ಷಣದಲ್ಲಿ ಬರುವುದೋ ಎಂದು ಮೈಯೆಲ್ಲ ಕಿವಿಯಾಗಿ ಕಾದಿರಬೇಕು. ಕರೆ ಬರುವುದಕ್ಕೆ ಮೊದಲು ಎದ್ದರೆ ತಪ್ಪು, ಬಂದ ಮೇಲೆ ತಡೆದರೂ ತಪ್ಪು. ತಾಳ್ಮೆ ಮತ್ತು ಜಾಗ್ರತೆ ಎಂಬ ಎರಡು ಗುಣಗಳನ್ನು ಏಕಕಾಲದಲ್ಲಿ ಹೀಗೆ ಕಲಿಸುವ ಬೇರೆ ಅಭ್ಯಾಸ ವಿರಳ. ಇನ್ನು ಬೆನ್ನಟ್ಟುವವನು, ಓಡುವವನು ಕೈಗೆ ಸಿಕ್ಕೇಬಿಟ್ಟನೆಂಬ ಗಳಿಗೆಯಲ್ಲಿ ಅವನು ಸಾಲಿನ ಆಚೆ ಬದಿಗೆ ನುಸುಳಿದರೆ, ತಾನು ನಿಂತು ಮತ್ತೊಬ್ಬನಿಗೆ ಬಿಟ್ಟುಕೊಡಬೇಕು. ಹಿಡಿದ ಕೀರ್ತಿ ಅವನದು, ಓಡಿ ದಣಿದ ಶ್ರಮ ಇವನದು. "ನಾನೇ ಹಿಡಿಯುತ್ತೇನೆ" ಎಂಬ ಹಠವುಳ್ಳವನು ತನ್ನ ಪಕ್ಷವನ್ನು ಸೋಲಿಸುವನು. ಬಿಟ್ಟುಕೊಟ್ಟು ಕೂರಬಲ್ಲವನೇ ಇಲ್ಲಿ ಗೆಲ್ಲುವನು. ಕೊಟ್ಟವನು ಕೂರುವ ಸ್ಥಾನವೂ ಕೀಳಲ್ಲ, ಅದು ಮುಂದಿನ ಕರೆಗೆ ಕಾಯುವ ಸ್ಥಾನ. ಸಂಘಜೀವನದ ಸಾರವೆಲ್ಲ ಒಂದಕ್ಷರದ ಆ ಕೂಗಿನಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

ಕುರುಬೂರಿನಿಂದ ದೆಹಲಿಗೆ

೧೯೫೯-೬೦ರಲ್ಲಿ ವಿಜಯವಾಡದಲ್ಲಿ ಖೋ ಖೋ ಆಟದ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಅಲ್ಲಿಂದ ಆರು ದಶಕಗಳಿಗೂ ಹೆಚ್ಚು ಕಾಲ ಈ ಆಟವು ಹಳ್ಳಿಯ ಶಾಲೆಗಳ ಆಟವಾಗಿಯೇ ಉಳಿದು, ಪಟ್ಟಣಗಳ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. ಕೊನೆಗೆ ೨೦೨೫ರ ಜನವರಿ ೧೩ರಿಂದ ೧೯ರವರೆಗೆ ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದಲ್ಲಿ ಮೊದಲ ಖೋ ಖೋ ವಿಶ್ವಕಪ್ ನೆರವೇರಿತು. ಇಪ್ಪತ್ತಕ್ಕೂ ಹೆಚ್ಚು ದೇಶಗಳವರು ಸೇರಿದ್ದ ಆ ಕೂಟದ ಅಂತಿಮ ಪಂದ್ಯಗಳಲ್ಲಿ ಭಾರತದ ಪುರುಷರು ನೇಪಾಳವನ್ನು ೫೪-೩೬ರಿಂದಲೂ ಮಹಿಳೆಯರು ಅದೇ ದೇಶದ ತಂಡವನ್ನು ೭೮-೪೦ರಿಂದಲೂ ಜಯಿಸಿದರು. ಕರ್ನಾಟಕದಿಂದ ಪುರುಷರಲ್ಲಿ ಎಂ. ಕೆ. ಗೌತಮ್ ಅವರೂ ಮಹಿಳೆಯರಲ್ಲಿ ಬಿ. ಚೈತ್ರಾ ಅವರೂ ಈ ತಂಡಗಳಲ್ಲಿದ್ದರು.

ಚೈತ್ರಾ ಅವರು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದ ರೈತ ಕುಟುಂಬದ ಮಗಳು. ಶಾಲೆಯಲ್ಲಿ ಓದುತ್ತಿದ್ದಾಗಲೇ ಊರಿನಲ್ಲಿ ಈ ಆಟವನ್ನು ಕಲಿತವರು. ಅಂತಿಮ ಪಂದ್ಯದ ಕೊನೆಯ ಸರದಿಯಲ್ಲಿ ಆಕೆಯೂ ಜತೆಗಾರ್ತಿಯರೂ ಐದು ನಿಮಿಷಕ್ಕೂ ಮೀರಿ ಎದುರಾಳಿಗಳ ಕೈಗೆ ಸಿಕ್ಕದೆ ಓಡಿ ಪಕ್ಷಕ್ಕೆ ಅಂಕಗಳನ್ನು ಕೂಡಿಸಿದರು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿಯೆಂಬ ಮನ್ನಣೆ ಆಕೆಗೆ ಸಂದಿತು. ಐದು ನಿಮಿಷವೆಂದರೆ ಕುಳಿತು ಓದುವವರಿಗೆ ಅಲ್ಪಕಾಲ. ಹಸಿದ ಹುಲಿಗಳಂತೆ ಸರದಿಯ ಮೇಲೆ ಎದ್ದುಬರುವ ಎದುರಾಳಿಗಳ ನಡುವೆ ಓಡುವವರಿಗೆ ಅದೊಂದು ಯುಗ. ಆ ಉಸಿರು ದೆಹಲಿಯಲ್ಲಿ ಹುಟ್ಟಿದುದಲ್ಲ. ಊರ ಮಣ್ಣಿನಲ್ಲಿ ವರ್ಷಗಟ್ಟಲೆ, ನೋಡುವವರಿಲ್ಲದೆ, ಚಪ್ಪಾಳೆಯಿಲ್ಲದೆ ಓಡಿದ ಓಟದ ಫಲವದು. ಬೆಳೆಯ ಸಿರಿಯನ್ನು ಮೊಳಕೆಯಲ್ಲಿ ಕಾಣಬಹುದೆಂಬ ಗಾದೆ ನಿಜ. ಆದರೆ ಮೊಳಕೆಗೆ ನೀರೆರೆಯುವವರು ಊರಿನಲ್ಲಿ ಒಬ್ಬರಾದರೂ ಇರಬೇಕು.

ಈ ಉದಾಹರಣೆಯ ಬೆಲೆ ಪದಕದಲ್ಲಿಲ್ಲ. ಹುಡುಗಿಯು ಪ್ರಾಯಕ್ಕೆ ಬಂದೊಡನೆ ಆಟವನ್ನು ಬಿಡಿಸುವುದು ಹಳ್ಳಿಗಳಲ್ಲಿ ಬಹುಕಾಲದ ವಾಡಿಕೆ. ಓದನ್ನು ಬಿಡಿಸುವ ವಾಡಿಕೆಯೂ ಅದರ ಹಿಂದೆಯೇ ಬರುತ್ತಿತ್ತು. ಮಗಳು ಪರಸ್ಥಳಕ್ಕೆ ಹೋಗಿ ಆಡಿ ಬರಬಲ್ಲಳೆಂಬ ನಂಬಿಕೆ ತಂದೆತಾಯಿಗಳಿಗೆ ಹುಟ್ಟಿದ ಮನೆಯಲ್ಲಿ, ಮಗಳು ಪರಸ್ಥಳಕ್ಕೆ ಹೋಗಿ ಓದಿ ಬರಬಲ್ಲಳೆಂಬ ನಂಬಿಕೆಯೂ ಹುಟ್ಟುವುದು. ಒಬ್ಬಳ ಓಟವು ಊರಿನ ಹತ್ತು ಹುಡುಗಿಯರ ಹಾದಿಯನ್ನು ತೆರೆಯುತ್ತದೆ.

ಬಿಟ್ಟುಕೊಡುವ ಧರ್ಮ

ಆಟದಿಂದ ವಿದ್ಯೆ ಕೆಡುವುದೆಂಬ ಆಕ್ಷೇಪಕ್ಕೆ ಮೈಸೂರಿನ ಜಾವಗಲ್ ಶ್ರೀನಾಥರೇ ಉತ್ತರ. ೧೯೬೯ರಲ್ಲಿ ಜನಿಸಿದ ಶ್ರೀನಾಥರು ಗುರಿಕಾರ ಮರಿಮಲ್ಲಪ್ಪನವರ ಧರ್ಮದಿಂದ ನಡೆದುಬಂದ ಮೈಸೂರಿನ ಮರಿಮಲ್ಲಪ್ಪ ಪ್ರೌಢಶಾಲೆಯಲ್ಲಿ ಓದಿ, ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ ಪಡೆದವರು. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ೧೯೫೪ರಲ್ಲಿ ಸ್ಥಾಪಿಸಿದ ಜೆಎಸ್‌ಎಸ್ ಮಹಾವಿದ್ಯಾಪೀಠವು ೧೯೬೩ರಲ್ಲಿ ತೆರೆದ ಕಾಲೇಜದು. ಮಠದ ನೆರಳಿನ ವಿದ್ಯಾಲಯದಲ್ಲಿ ಕಲಿತ ತರುಣನು ಭಾರತದ ವೇಗದ ಬೌಲರುಗಳಲ್ಲಿ ಅಗ್ರಗಣ್ಯನಾದನು. ನಿವೃತ್ತಿಯ ತರುವಾಯ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ನಿಯಮಪಾಲನೆಯನ್ನು ನೋಡಿಕೊಳ್ಳುವ ರೆಫರಿಯಾದನು.

ಆದರೆ ಅವರ ವಿಕೆಟ್ಟುಗಳಿಗಿಂತಲೂ ಅವರು ಪಡೆಯದೆ ಬಿಟ್ಟ ಒಂದು ವಿಕೆಟ್ಟು ಇಲ್ಲಿ ಸ್ಮರಣೀಯ. ೧೯೯೯ರ ಫೆಬ್ರವರಿ ೭ರಂದು ದೆಹಲಿಯಲ್ಲಿ ಪಾಕಿಸ್ತಾನದ ಎದುರು ಅನಿಲ್ ಕುಂಬ್ಳೆಯವರು ಒಂದೇ ಇನಿಂಗ್ಸಿನಲ್ಲಿ ಒಂಬತ್ತು ವಿಕೆಟ್ಟುಗಳನ್ನು ಪಡೆದಿದ್ದರು. ಹತ್ತನೆಯದೂ ಅವರಿಗೇ ದೊರೆಯಲೆಂದು, ಮತ್ತೊಂದು ಬದಿಯಿಂದ ಚೆಂಡೆಸೆಯುತ್ತಿದ್ದ ಶ್ರೀನಾಥರು ವಿಕೆಟ್ಟಿನಿಂದ ದೂರಕ್ಕೆ ಚೆಂಡನ್ನು ಹಾಕಿದರು. ಪಕ್ಷದ ಗೆಲುವು ಆ ವೇಳೆಗೆ ನಿಶ್ಚಿತಪ್ರಾಯವಾಗಿತ್ತು. ಆದುದರಿಂದ ಈ ಔದಾರ್ಯದಿಂದ ಪಕ್ಷಕ್ಕೆ ಕೇಡಿರಲಿಲ್ಲ. ಕುಂಬ್ಳೆಯವರು ೭೪ ಓಟಗಳಿಗೆ ಹತ್ತು ವಿಕೆಟ್ಟುಗಳನ್ನು ಪಡೆದು ಚರಿತ್ರೆಯಲ್ಲಿ ನಿಂತರು. ಕುಂಬ್ಳೆಯವರೂ ಇಂಜಿನಿಯರಿಂಗ್ ಪದವೀಧರರೇ. ಖೋ ಖೋ ಆಟದಲ್ಲಿ ನಿಯಮವು ಬಲವಂತವಾಗಿ ಕಲಿಸುವ ಗುಣವನ್ನು ಇಲ್ಲಿ ಒಬ್ಬನು ಸ್ವಂತ ಇಚ್ಛೆಯಿಂದ ತೋರಿದನು. ಅಭ್ಯಾಸವು ಸ್ವಭಾವವಾಗುವುದೆಂದರೆ ಇದೇ.

ಪಿರಿಯಾಪಟ್ಟಣದ ಗಡಿಯಾಚೆಯ ಕೊಡಗಿನಲ್ಲಿ ಹಾಕಿಯು ಇದೇ ಪಾಠವನ್ನು ಮನೆತನಗಳಿಗೆ ಕಲಿಸಿದೆ. ಅಲ್ಲಿಂದ ಬಂದ ಎಂ. ಪಿ. ಗಣೇಶರು ೧೯೭೨ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಪಡೆದ ತಂಡದಲ್ಲಿದ್ದು, ೧೯೭೩ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕರಾದರು. ಎಂ. ಎಂ. ಸೋಮಯ್ಯನವರು ೧೯೮೦ರಲ್ಲಿ ಮಾಸ್ಕೋ ನಗರದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ನಡುವಣ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದಾಗ, ಅಜ್ಜನೂ ಮೊಮ್ಮಗನೂ ಒಂದೇ ಪಕ್ಷದಲ್ಲಿ ಆಡುವ ನೋಟ ಕಂಡುಬಂತು. ಒಂದು ಸೀಮೆಯ ಜನವೆಲ್ಲ ಆಟವನ್ನು ಮಕ್ಕಳ ಚೇಷ್ಟೆಯೆಂದು ಬಗೆಯದೆ ಕುಲದ ಸಂಸ್ಕಾರವೆಂದು ಬಗೆದರೆ ಏನಾಗುವುದೆಂಬುದಕ್ಕೆ ಕೊಡಗೇ ಸಾಕ್ಷಿ.

ಹಂಬಲದ ಎರಡು ಮುಖ

ಇಂತು ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮುಚ್ಚುವುದು ನ್ಯಾಯವಲ್ಲ. ಸ್ಪರ್ಧೆಯು ಎರಡಲಗಿನ ಕತ್ತಿ. ಅದು ಹಂಬಲವನ್ನು ಹುಟ್ಟಿಸುತ್ತದೆ; ಹಂಬಲವು ವಿವೇಕವಿಲ್ಲದಿದ್ದರೆ ಮದವಾಗುತ್ತದೆ. ಗೆದ್ದವನು ಸೋತವನನ್ನು ಹೀಯಾಳಿಸುವುದು, ವಯಸ್ಸನ್ನು ಮರೆಮಾಚಿ ಕಿರಿಯರ ತಂಡದಲ್ಲಿ ಆಡುವುದು, ತೀರ್ಪುಗಾರನ ಮೇಲೆ ಏರಿಹೋಗುವುದು ಇವೆಲ್ಲ ಆಟದ ಬಯಲಿನಲ್ಲಿಯೇ ಬೆಳೆಯುವ ಕಳೆಗಳು. ಇನ್ನೊಂದು ಸೂಕ್ಷ್ಮವಾದ ಅಪಾಯವೂ ಉಂಟು. ಹೋಬಳಿಯಲ್ಲಿ ಆಡಿದ ನೂರು ಮಕ್ಕಳಲ್ಲಿ ರಾಜ್ಯದ ತಂಡವನ್ನು ಮುಟ್ಟುವವರು ಒಬ್ಬಿಬ್ಬರು. ಎಷ್ಟೋ ಸಲ ಒಬ್ಬರೂ ಇಲ್ಲ. ಆಟವೇ ಬದುಕೆಂದು ನಂಬಿಸಲ್ಪಟ್ಟು ಓದನ್ನು ಕೈಬಿಟ್ಟ ಹುಡುಗನು ಆಯ್ಕೆಯಾಗದೆ ಹಿಂದಿರುಗಿದಾಗ, ಅವನಿಗೆ ಮೈದಾನವೂ ಇಲ್ಲ, ಪುಸ್ತಕವೂ ಇಲ್ಲ. ಈ ಅನ್ಯಾಯಕ್ಕೆ ಹೊಣೆ ಆಟವಲ್ಲ, ಆಟವನ್ನು ಪದಕದಿಂದ ಮಾತ್ರ ಅಳೆಯುವ ಹಿರಿಯರು.

ಮತ್ತೊಂದು ಕಷ್ಟವು ಈ ಸೀಮೆಗೇ ವಿಶೇಷವಾದುದು. ಶಾಲಾ ಕ್ರೀಡಾಕೂಟಗಳು ಸಾಮಾನ್ಯವಾಗಿ ಶ್ರಾವಣ ಭಾದ್ರಪದಗಳ ಸುಮಾರಿಗೆ ನಡೆಯುತ್ತವೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪನ್ನು ಮುರಿದು ಬ್ಯಾರನ್ನಿಗೆ ಏರಿಸುವ ಕಾಲವೂ ಕೃಷ್ಣರಾಜನಗರದಲ್ಲಿ ಬತ್ತದ ನಾಟಿಯ ಕಾಲವೂ ಅದೇ. ಸೊಪ್ಪು ಕಟ್ಟಲು ಮನೆಯ ಒಂದೊಂದು ಕೈಯೂ ಬೇಕಾದ ದಿನಗಳಲ್ಲಿ ಮಗನನ್ನು ತಾಲ್ಲೂಕಿನ ಪಂದ್ಯಕ್ಕೆ ಕಳುಹಿಸುವ ತಂದೆಯು ನಿಜವಾಗಿಯೂ ಒಂದು ತ್ಯಾಗವನ್ನು ಮಾಡುವನು. ಆ ತ್ಯಾಗದ ಅರಿವು ಆಡುವ ಮಗನಿಗೆ ಇರಬೇಕು. ಇದ್ದರೆ ಅದೇ ಅವನ ಹಂಬಲಕ್ಕೆ ಕಡಿವಾಣವಾಗುತ್ತದೆ. ಗೆದ್ದ ರಾತ್ರಿಯೇ ಊರಿಗೆ ಹಿಂದಿರುಗಿ ಮರುದಿನ ಬೆಳಗ್ಗೆ ಹೊಲಕ್ಕಿಳಿಯುವ ಹುಡುಗನ ಗೆಲುವಿಗೆ ಮದವು ಅಂಟದು.

ಹಾಗಾದರೆ ಸರಿಯಾದ ಹಂಬಲ ಯಾವುದು? "ಇವನನ್ನು ಸೋಲಿಸಬೇಕು" ಎಂಬುದು ಹಂಬಲದ ಮೊದಲ ಮೆಟ್ಟಲು. "ನನ್ನ ಪಕ್ಷ ಗೆಲ್ಲಬೇಕು" ಎಂಬುದು ಎರ‌ಡನೆಯದು. "ನಿನ್ನೆಯ ನನಗಿಂತ ಇಂದಿನ ನಾನು ಮೇಲಾಗಬೇಕು" ಎಂಬುದು ಮೂರನೆಯದು. ಮೊದಲ ಮೆಟ್ಟಲಿನಲ್ಲಿಯೇ ನಿಂತವನಿಗೆ ಎದುರಾಳಿಯು ಶತ್ರು. ಮೂರನೆಯದನ್ನು ಏರಿದವನಿಗೆ ಎದುರಾಳಿಯೇ ಗುರು, ಏಕೆಂದರೆ ತನ್ನ ಕೊರತೆಯನ್ನು ತೋರಿಸಿಕೊಟ್ಟವನು ಅವನೇ. ಈ ಮೂರನೆಯ ಹಂಬಲವು ಆಟದೊಡನೆ ಮುಗಿಯುವುದಿಲ್ಲ. ವೈದ್ಯನಾದರೂ ಉಪಾಧ್ಯಾಯನಾದರೂ ಪೊಲೀಸಿನವನಾದರೂ ನೇಗಿಲು ಹಿಡಿದರೂ ಅದು ಅವನೊಡನೆ ಬರುತ್ತದೆ. ರಾಜ್ಯದ ತಂಡವನ್ನು ಮುಟ್ಟದ ತೊಂಬತ್ತೆಂಟು ಮಂದಿಗೆ ಆಟವು ಕೊಡುವ ಪದಕವೆಂದರೆ ಇದೇ. ಸೋತು ಬಂದ ಸಂಜೆ ಎದುರುಪಕ್ಷದವರ ಕೈಕುಲುಕಿ, ಮರುದಿನ ಅಭ್ಯಾಸಕ್ಕೆ ಹೊತ್ತಿಗೆ ಸರಿಯಾಗಿ ಬರುವ ವಿದ್ಯಾರ್ಥಿಯು ಪರೀಕ್ಷೆಯಲ್ಲಿ ಒಮ್ಮೆ ಜಾರಿದರೂ ಧೃತಿಗೆಡನು. ಸೋಲನ್ನು ಎಂದೂ ಕಾಣದೆ ಬೆಳೆದವನೇ ಮೊದಲ ಸೋಲಿಗೆ ಕುಸಿಯುವನು.

ಮಾಡತಕ್ಕದ್ದು

ಇದರಿಂದ ವಿದ್ಯಾಸಂಸ್ಥೆಗಳನ್ನೂ ಪ್ರಸಾದನಿಲಯಗಳನ್ನೂ ನಡೆಸುವವರಿಗೆ ಕೆಲವು ಕರ್ತವ್ಯಗಳು ತೋರುತ್ತವೆ. ಅನ್ನಛತ್ರಕ್ಕೆ ಜಾಗ ಬಿಡುವಂತೆಯೇ ಆಟಕ್ಕೆ ಒಂದು ತುಂಡು ನೆಲವನ್ನು ಬಿಡುವುದು. ಅದರ ಮೇಲೆ ಕಟ್ಟಡವೇಳದಂತೆ ಕಾಯುವುದು. ಸಂಜೆಯ ಒಂದು ಗಳಿಗೆಯನ್ನು ಆಟಕ್ಕೂ ರಾತ್ರಿಯ ಎರಡು ಗಳಿಗೆಯನ್ನು ಪಾಠಕ್ಕೂ ಕಟ್ಟುನಿಟ್ಟಾಗಿ ಮೀಸಲಿಡುವುದು. ತಂಡಗಳನ್ನು ಕಟ್ಟುವಾಗ ಒಂದೇ ಊರಿನ, ಒಂದೇ ಜಾತಿಯ ಹುಡುಗರನ್ನು ಒಟ್ಟುಗೂಡಿಸದೆ ಬೆರಸುವುದು. ಚೆನ್ನಾಗಿ ಆಡುವ ಹನ್ನೆರಡು ಮಂದಿಯನ್ನು ಮಾತ್ರ ನೋಡಿಕೊಳ್ಳದೆ, ಆಡಲಾರದ ಹದಿಮೂರನೆಯವನಿಗೂ ತೀರ್ಪು, ಲೆಕ್ಕ, ನೆಲದ ಸಿದ್ಧತೆಗಳಲ್ಲಿ ಒಂದು ಕಾಯಕವನ್ನು ಕೊಡುವುದು. ಹುಡುಗಿಯರಿಗೆ ಹುಡುಗರಷ್ಟೇ ಹೊತ್ತು, ಅಷ್ಟೇ ನೆಲ ಒದಗಿಸುವುದು. ಓದಿನಲ್ಲಿ ಹಿಂದುಳಿದ ಆಟಗಾರನನ್ನು ಆಟದಿಂದ ತೆಗೆಯದೆ, ಓದಿನಲ್ಲಿ ಮುಂದಿರುವ ಜತೆಗಾರನನ್ನು ಅವನ ಬೆನ್ನಿಗೆ ನಿಲ್ಲಿಸುವುದು. ಇವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಕಾಗಿಲ್ಲ, ಮನಸ್ಸು ಬೇಕು.

ಆಟ ಹೊಟ್ಟೆ ತುಂಬಿಸೀತೆ ಎಂಬ ಪ್ರಶ್ನೆಗೆ ಚರಿತ್ರೆಯು ಕೊಡುವ ಉತ್ತರವು ಈಗ ಸ್ಪಷ್ಟ. ಕೆಲವರಿಗೆ ಅದು ಅನ್ನವನ್ನೂ ಕೀರ್ತಿಯನ್ನೂ ತಂದಿದೆ. ಬಹುಮಂದಿಗೆ ತರಲಿಲ್ಲ, ಮುಂದೆಯೂ ತರಲಾರದು. ಆದರೆ ಗಳಿಸಿದ ಅನ್ನವನ್ನು ಹಂಚಿ ಉಣ್ಣುವ, ಕರೆ ಬಂದಾಗ ಏಳುವ, ಸರದಿ ಮುಗಿದಾಗ ಬಿಟ್ಟುಕೊಟ್ಟು ಕೂರುವ ಮನುಷ್ಯನನ್ನು ಅದು ರೂಪಿಸಬಲ್ಲುದು. ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಗಳ ದಡದ ಮಕ್ಕಳೆಲ್ಲರೂ ಒಂದೇ ಸಾಲಿನಲ್ಲಿ ಕುಳಿತು, ಒಬ್ಬರ ಬೆನ್ನನ್ನೊಬ್ಬರು ನಂಬಿ, ಓದಿನಲ್ಲಿಯೂ ಆಟದಲ್ಲಿಯೂ ಬಾಳಿನಲ್ಲಿಯೂ ಸದ್ಗುಣಶಾಲಿಗಳಾಗಿ ಬೆಳೆಯಲಿ. ನಾಡಿಗೆ ಅವರಿಂದ ಮಂಗಳವಾಗಲಿ.